ಫೋನು ಅವರ ಕೈಯಲ್ಲೇ ಇರಲಿ

ಹೋದ ತಿಂಗಳು ಈ ಅಂಕಣದಲ್ಲಿ "ಮನೆಯ ಹಿರಿಯರಿಗೆ ಇಂಟರ್‌ನೆಟ್ ಕಲಿಸಲು ಹೋಗಿ ಪಟ್ಟ ಪಾಡು ಬರೆಯಿರಿ" ಎಂದಿದ್ದೆ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲ ಸೇರಿ ರಾಶಿ ಬಿತ್ತು. ಆರನ್ನು ಆರಿಸಿಕೊಂಡಿದ್ದೇನೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ: ನಾನು ಕಂಪ್ಯೂಟರ್ ಓದಿದವಳಲ್ಲ. 1978ರಲ್ಲಿ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಟ್ರಂಕ್ ಕಾಲ್ (ದೂರದೂರಿನ ಕರೆ) ಜೋಡಿಸಿದವಳು. ನಿವೃತ್ತಿಯ ಮೇಲೆ ಸಾಗರದ ನಮ್ಮ ಮನೆ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ಐದಾರು ಜನರನ್ನು ಕೂರಿಸಿಕೊಂಡು ಫೋನು ಕಲಿಸುತ್ತೇನೆ. ಎಲ್ಲರೂ ಅಜ್ಜ-ಅಜ್ಜಿಯರೇ. ನನಗೂ 70 ದಾಟಿತು.

ಪ್ರಶ್ನೆ: ಅಪ್ಪಯ್ಯನಿಗೆ 76. ಸಿದ್ದಾಪುರದ ಹತ್ತಿರ ಅಡಿಕೆ ತೋಟ. ದೀಪಾವಳಿಗೆ ಹೋದಾಗ 18 ಸಾವಿರದ ಫೋನು ಕೊಟ್ಟು ಬಂದೆ. ವಿಡಿಯೋ ಕಾಲ್ ಮಾಡುವುದನ್ನು ಮೂರು ಸಲ ಹೇಳಿಕೊಟ್ಟೆ. ನಾನು ಬಸ್ಸು ಹತ್ತಿದ ಮಾರನೇ ದಿನವೇ ಅದು ಬೀರು ಸೇರಿತಂತೆ. ಈಗಲೂ ಅದೇ ಹಳೇ ಬಟನ್ ಫೋನು. ಕೇಳಿದರೆ "ಯಂಗೆ ಅದೆಲ್ಲ ಬ್ಯಾಡ" ಅನ್ನುತ್ತಾರೆ. ಹೇಗೆ ಕಲಿಸಲಿ?
— ಓದುಗ, ಬೆಂಗಳೂರು

ಉತ್ತರ: ಬೇಜಾರು ಮಾಡಿಕೊಳ್ಳದೆ ಹೇಳಿ, ವಿಡಿಯೋ ಕಾಲ್ ಬೇಕಾಗಿದ್ದು ಯಾರಿಗೆ? ಅಪ್ಪಯ್ಯನಿಗೋ, ಬೆಂಗಳೂರಲ್ಲಿ ಕೂತು ಅವರ ಮುಖ ನೋಡಬೇಕೆನ್ನುವ ನಿಮಗೋ? ಬಟನ್ ಫೋನಿನಲ್ಲಿ ನಿಮ್ಮ ದನಿ ಕೇಳುತ್ತದೆ, ಅವರಿಗೆ ಅಷ್ಟು ಸಾಕು. ಯಾರದೋ ಅಗತ್ಯಕ್ಕೆ ತಾನು ಪಾಠ ಕಲಿಯಬೇಕು ಅಂದರೆ ಯಾರು ಕಲಿಯುತ್ತಾರೆ?

ಅಪ್ಪಯ್ಯ ಸಂಜೆ ಹೊತ್ತಿಗೆ ಮೊದಲು ವಿಚಾರಿಸುವುದು ಏನನ್ನು, ನೆನಪು ಮಾಡಿಕೊಳ್ಳಿ. ಅಡಿಕೆ ರೇಟು ತಾನೆ? ರಾಶಿ ಎಷ್ಟಾಯ್ತು, ಬೆಟ್ಟೆ ಎಷ್ಟು, ಚಾಲಿ ಇಳೀತೋ ಏರಿತೋ (ಎಲ್ಲ ಅಡಿಕೆಯ ಬಗೆಗಳೇ). ಪೇಟೆಗೆ ಹೋದವರು ಬಂದು ಹೇಳಬೇಕು, ಇಲ್ಲವೇ ಮಾರನೇ ದಿನದ ಪೇಪರು ಬರಬೇಕು. ಸರ್ಕಾರದ 'ಕೃಷಿ ಮಾರಾಟ ವಾಹಿನಿ' ಅನ್ನುವ ವೆಬ್‌ಸೈಟಿನಲ್ಲಿ ಮಾರುಕಟ್ಟೆವಾರು ಧಾರಣೆ ಸಿಗುತ್ತದೆ. ಆ ಒಂದು ಪುಟವನ್ನು ಫೋನಿನ ಮುಖದ ಮೇಲೇ ಒಂದು ಗುರುತಾಗಿ ಇಟ್ಟುಕೊಡಿ. ಬೇರೆ ಏನನ್ನೂ ಹೇಳಿಕೊಡಬೇಡಿ.

ಇನ್ನೊಂದು ಮದ್ದು ಇದೆ, ಅದು ನಮ್ಮ ಜಗಲಿಯಲ್ಲಿ ನಾನೇ ಕಂಡದ್ದು. 78 ವರ್ಷದ ಒಬ್ಬರು ಎಂಟು ತಿಂಗಳು ಫೋನು ಮುಟ್ಟಿರಲಿಲ್ಲ. ರಜೆಗೆ ಬಂದ ಮೊಮ್ಮಗ 'ದಿಶಾಂಕ್' ಅನ್ನುವ ಆ್ಯಪ್ ಹಾಕಿಕೊಟ್ಟ. ಕರ್ನಾಟಕ ಸರ್ಕಾರದ್ದೇ ಅದು. ನೀವು ನಿಂತ ಜಾಗದ ಸರ್ವೆ ನಂಬರ್ ಯಾವುದು, ಯಾವ ಗ್ರಾಮ, ಯಾವ ಹೋಬಳಿ ಎಂದು ನಕಾಶೆಯ ಮೇಲೆ ತೋರಿಸುತ್ತದೆ. ಈ ಪುಣ್ಯಾತ್ಮರು ಬೆಳಿಗ್ಗೆ ತಿಂಡಿ ತಿಂದು ಫೋನು ಹಿಡಿದು ತೋಟಕ್ಕೆ ಇಳಿದವರು ಊಟದ ಹೊತ್ತಾದರೂ ಮನೆಗೆ ಬರಲಿಲ್ಲ. ಹೆಂಡತಿ ಹುಡುಕಿಕೊಂಡು ಹೋದರೆ ಹಳ್ಳದ ಆಚೆ ಒಮ್ಮೆ, ಈಚೆ ಒಮ್ಮೆ ದಾಟುತ್ತಾ ನಿಂತಿದ್ದಾರೆ. "ಹಳ್ಳ ದಾಟಿದ ಕೂಡ್ಲೆ ನಂಬರ್ ಬದಲಾಗ್ತು ನೋಡೇ!" ಐವತ್ತು ವರ್ಷದಿಂದ ಪಹಣಿಯಲ್ಲಿ ಓದಿದ ನಂಬರು ಕಾಲ ಕೆಳಗೆ ಬಂದು ನಿಂತಿತ್ತು.

ಮುಂದೆ ಆದದ್ದನ್ನು ಗಮನಿಸಿ. ಅದನ್ನು ಹೊಸನಗರದ ತಮ್ಮನಿಗೆ ತೋರಿಸಬೇಕು ಅನ್ನಿಸಿತು. ಅದಕ್ಕೆ ಸ್ಕ್ರೀನ್‌ಶಾಟ್ ಬೇಕಾಯಿತು. ಕಳಿಸುವುದಕ್ಕೆ ವಾಟ್ಸಾಪ್ ಬೇಕಾಯಿತು. ತಮ್ಮ ಉತ್ತರವನ್ನು ದನಿಯಲ್ಲಿ ಕಳಿಸಿದ, ಅದನ್ನು ಕೇಳುವುದು ಹೇಗೆ ಅಂತ ನಮ್ಮ ಜಗಲಿಗೆ ಓಡಿ ಬಂದರು. ಮೂರನೇ ವಾರಕ್ಕೆ ಅಣ್ಣ-ತಮ್ಮ ವಿಡಿಯೋ ಕಾಲಿನಲ್ಲಿ ಕೊಳೆರೋಗ ಬಂದ ಗೊನೆ ತೋರಿಸಿಕೊಳ್ಳುತ್ತಿದ್ದರು. ಯಾರೂ ಅವರಿಗೆ ವಿಡಿಯೋ ಕಾಲ್ 'ಕಲಿಸಲಿಲ್ಲ'. (ಎಚ್ಚರಿಕೆ: ದಿಶಾಂಕ್ ತೋರಿಸುವ ಗಡಿ ನಾಲ್ಕಾರು ಮೀಟರ್ ಆಚೀಚೆ ಆಗಬಹುದು. ಬೇಲಿ ಜಗಳಕ್ಕೆ ಅದು ಸಾಕ್ಷಿಯಲ್ಲ, ಅದಕ್ಕೆ ಸರ್ವೆಯವರೇ ಬರಬೇಕು. ಇದನ್ನು ಅಪ್ಪಯ್ಯನಿಗೆ ಮೊದಲೇ ಹೇಳಿಡಿ, ಪಕ್ಕದ ತೋಟದವರ ನೆಮ್ಮದಿಯ ದೃಷ್ಟಿಯಿಂದ.)

ಇನ್ನು ಫೋನಿನ ಒಳಗಿನ ಕೆಲಸ. ಇದನ್ನು ನೀವು ಬೆಂಗಳೂರಿನಿಂದ ಮಾಡಲಾಗದು, ಮುಂದಿನ ಸಲ ಹೋದಾಗ ಒಂದು ಗಂಟೆ ಇಟ್ಟುಕೊಳ್ಳಿ. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೆರಳಿನ ವಿಷಯ. ಅಡಿಕೆ ಸುಲಿದ, ಮಣ್ಣಿನಲ್ಲಿ ಕೆಲಸ ಮಾಡಿದ ಬೆರಳಿನ ತುದಿ ಒಣಗಿ ದಪ್ಪಗಾಗಿರುತ್ತದೆ. ಫೋನಿನ ಗಾಜು ಒತ್ತಡಕ್ಕೆ ಓಗೊಡುವುದಿಲ್ಲ, ಚರ್ಮದ ಮೂಲಕ ಆಗುವ ವಿದ್ಯುತ್ತಿನ ಸಣ್ಣ ವ್ಯತ್ಯಾಸಕ್ಕೆ ಓಗೊಡುತ್ತದೆ. ಒಣ ಚರ್ಮದಲ್ಲಿ ಅದು ಸರಿಯಾಗಿ ಸಿಗುವುದಿಲ್ಲ. ಆಗ ಇವರೇನು ಮಾಡುತ್ತಾರೆ? ಹಳೇ ಬಟನ್ನಿನ ಅಭ್ಯಾಸದಲ್ಲಿ ಇನ್ನೂ ಜೋರಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಫೋನು ಅದನ್ನು 'ಒತ್ತಿ ಹಿಡಿದರು' ಅಂದುಕೊಂಡು ಬೇರೇನನ್ನೋ ತೆರೆಯುತ್ತದೆ. ನೀವು "ಮೆಲ್ಲಗೆ ಮುಟ್ಟು, ಮೆಲ್ಲಗೆ" ಅಂತ ಕೂಗುತ್ತೀರಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಅಂತ ಇದೆ, ಅದನ್ನು 'ಲಾಂಗ್' ಮಾಡಿ. ತೆರೆ ಅರ್ಧ ನಿಮಿಷಕ್ಕೆ ಕಪ್ಪಾಗುವುದನ್ನು ಐದು ನಿಮಿಷಕ್ಕೆ ಏರಿಸಿ. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಫೋನು ನಿದ್ದೆ ಹೋದರೆ ಯಾರಿಗಾದರೂ ರೇಗುತ್ತದೆ. ಬೆರಳಿಗೆ ಒಂದು ಚೂರು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳಲು ಹೇಳಿ. ನಗಬೇಡಿ, ನಮ್ಮ ಜಗಲಿಯಲ್ಲಿ ಒಂದು ಎಣ್ಣೆ ಬಟ್ಟಲೇ ಇದೆ.

ಕೊನೆಗೆ ಒಂದು ಗುಟ್ಟು. ನನಗೆ ಮಗಳು ಸ್ಮಾರ್ಟ್‌ಫೋನ್ ಕಲಿಸಿದ ರೀತಿ ಹೀಗಿತ್ತು: "ಕೊಡಮ್ಮ ಇಲ್ಲಿ." ಕಿತ್ತುಕೊಂಡು, ಏಳು ಸೆಕೆಂಡಿನಲ್ಲಿ ಟಪ ಟಪ ಒತ್ತಿ, "ಆಯ್ತು ನೋಡು." ಆಗಿತ್ತು ನಿಜ. ನನಗೆ ಬರಲಿಲ್ಲ ಅಷ್ಟೆ. ಎಕ್ಸ್‌ಚೇಂಜಿನಲ್ಲಿ ನಮ್ಮ ಸೂಪರ್‌ವೈಸರ್ ಬಾಯಿ ಜೋರಿನ ಹೆಂಗಸು, ಆದರೆ ಹೊಸಬರಿಗೆ ಕಲಿಸುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನು ಬೋರ್ಡಿನ ತಪ್ಪು ತೂತಿಗೆ ವೈರು ಚುಚ್ಚಿದರೂ ಅವರ ಕೈ ಮುಂದೆ ಬರುತ್ತಿರಲಿಲ್ಲ. "ಎಳಿ. ಮೇಲಿನ ಸಾಲು. ಎಡಕ್ಕೆ." ಬರೀ ಬಾಯಿ. ಒಂದೇ ವಾರದಲ್ಲಿ ಕಲಿತೆ. ನೀವೂ ಕೈ ಹಿಂದೆ ಕಟ್ಟಿಕೊಳ್ಳಿ. ಮೊದಲ ಹತ್ತು ನಿಮಿಷ ಪ್ರಾಣ ಹೋದ ಹಾಗಾಗುತ್ತದೆ, ತಡೆದುಕೊಳ್ಳಿ.

ಹಾಂ, ಮರೆತೆ. ಮನೆಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ನೋಡಿದಿರಾ? ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಅಟ್ಟದ ಮೇಲೋ ಗುಡ್ಡದ ತಲೆಯ ಮೇಲೋ ಇರುತ್ತದೆ. ಹಾಗಿದ್ದರೆ ಅಪ್ಪಯ್ಯನನ್ನು ಬಯ್ಯುವ ಮೊದಲು ಮನೆಗೆ ವೈಫೈ ಹಾಕಿಸಿ.

ಪ್ರಶ್ನೆ: ನಮ್ಮವ್ವಗ 68 ವರ್ಷ. ಹುಬ್ಬಳ್ಳ್ಯಾಗ ಒಬ್ಬಾಕಿನ ಇರ್ತಾಳ. ಕಾಯಿಪಲ್ಲೆ ತರಾಕ ಹೋದ್ರ ಚಿಲ್ಲರ ಇಲ್ಲ, ಸ್ಕ್ಯಾನ್ ಮಾಡ್ರಿ ಅಂತಾರಂತ. ಅದಕ್ಕ ಯುಪಿಐ ಹಾಕಿಕೊಟ್ಟೆ. ಈಗ ಪಿನ್ ನಂಬರ ಚೀಟ್ಯಾಗ ಬರದು ಫೋನಿನ ಕವರ್ ಒಳಗ ಇಟ್ಟಾಳ! ಬೈದ್ರ ಅಳ್ತಾಳ. ತಗದುಬಿಡ್ಲೇನ್ರಿ?
— ಮಗಳು, ಪುಣೆ

ಉತ್ತರ: ತೆಗೆಯಬೇಡವ್ವ. ಸಂತೆಯಲ್ಲಿ ಚಿಲ್ಲರೆಗೆ ಪರದಾಡುವ ಕಷ್ಟ ನಿನಗೆ ಪುಣೆಯಲ್ಲಿ ಕೂತು ಗೊತ್ತಾಗುವುದಿಲ್ಲ.

ಪಿನ್ ಚೀಟಿಗೆ ಕಾರಣ ಅವ್ವನ ದಡ್ಡತನ ಅಲ್ಲ. ಆ ನಂಬರ್ ಆರಿಸಿದ್ದು ನೀನು, ಹೌದೋ ಅಲ್ಲವೋ? ಬೇರೆಯವರು ಕೊಟ್ಟ ನಂಬರ್ ನೆನಪಿರುವುದಿಲ್ಲ. ಆದರೆ ಅವ್ವನಿಗೆ ಚಿಕ್ಕಂದಿನ ನಂಬರುಗಳು ಚೆನ್ನಾಗಿ ನೆನಪಿರುತ್ತವೆ: ತವರುಮನೆ ಹೊಲದ ಸರ್ವೆ ನಂಬರು, ಓಣಿಗೆ ಬಂದ ಮೊದಲ ಫೋನಿನ ನಂಬರು. ನಾನು 1980ರ ಸುಮಾರಿಗೆ ಜೋಡಿಸುತ್ತಿದ್ದ ಅಕ್ಕಿ ಮಂಡಿಯ ನಂಬರನ್ನು ಈಗ ಕೇಳಿದರೂ ಹೇಳುತ್ತೇನೆ. ಅಂಥದ್ದೊಂದನ್ನು ಅವ್ವನೇ ಆರಿಸಿ, ನಿನಗೂ ಹೇಳದೆ, ತಾನೇ ಹಾಕಿಕೊಳ್ಳಲಿ. ಹುಟ್ಟಿದ ಇಸವಿ ಮಾತ್ರ ಬೇಡ.

ಸಣ್ಣ ಖರ್ಚಿಗೆ ಪಿನ್ನೇ ಬೇಡದ ದಾರಿಯೂ ಇದೆ. ಯುಪಿಐ ಲೈಟ್ ಎಂದು ಅದೇ ಆ್ಯಪಿನ ಒಳಗಿರುತ್ತದೆ. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಕೇಳದೆ ಹೋಗುತ್ತದೆ, ಒಟ್ಟಾರೆ 5,000ಕ್ಕಿಂತ ಹೆಚ್ಚು ಅದರಲ್ಲಿ ಇಡಲು ಬರುವುದಿಲ್ಲ. ಸೆರಗಿನ ಗಂಟಿನ ಹಾಗೆ ಅಂದುಕೊ. ಅವ್ವ ಅದರಲ್ಲಿ 800 ರೂಪಾಯಿ ಇಟ್ಟುಕೊಂಡು ಸಂತೆಗೆ ಹೋಗಲಿ. ಫೋನು ಕಳೆದರೆ ಗಂಟಿನಷ್ಟೇ ಹೋಗುತ್ತದೆ. ಆದರೆ ಆ ಕವರಿನ ಚೀಟಿ ಮೊದಲು ಒಲೆಗೆ ಹೋಗಲಿ, ಅದು ಇದ್ದರೆ ಖಾತೆಯ ಬಾಗಿಲೇ ತೆರೆದ ಹಾಗೆ.

ನೀನು 'ಯುಪಿಐ ಸರ್ಕಲ್' ಬಗ್ಗೆ ಕೇಳಿರಬಹುದು. 2024ರಲ್ಲಿ ಬಂತು. ನಿನ್ನ ಖಾತೆಯಿಂದ ಅವ್ವ ಖರ್ಚು ಮಾಡಬಹುದು, ತಿಂಗಳಿಗೆ 15,000 ಮೀರದಂತೆ ಮಿತಿ ಹಾಕಬಹುದು, ಅಥವಾ ಒಂದೊಂದಕ್ಕೂ ನೀನೇ ಒಪ್ಪಿಗೆ ಕೊಡುವಂತೆ ಇಟ್ಟುಕೊಳ್ಳಬಹುದು. ತಾಯಿಗೆ ತನ್ನದು ಅನ್ನುವ ದುಡ್ಡೇ ಇಲ್ಲದಿದ್ದರೆ ಅದು ಒಳ್ಳೆಯ ಏರ್ಪಾಡು. ಇದ್ದರೆ ಬೇಡ ಅನ್ನುತ್ತೇನೆ. ಅರ್ಧ ಡಜನ್ ಬಾಳೆಹಣ್ಣಿಗೆ ಪುಣೆಯ ಒಪ್ಪಿಗೆ ಕಾಯುತ್ತಾ ಗಾಡಿಯ ಮುಂದೆ ನಿಲ್ಲುವ ಅವ್ವ ಎರಡನೇ ಸಲ ಬಾಳೆಹಣ್ಣೇ ತಿನ್ನುವುದಿಲ್ಲ.

ಒಂದು ಮಾತನ್ನು ಮಾತ್ರ ಅವ್ವನಿಗೆ ಬಾಯಿಪಾಠ ಮಾಡಿಸು: ರೊಕ್ಕ ಬರೂದಿದ್ರ ಪಿನ್ ಬ್ಯಾಡ, ರೊಕ್ಕ ಹೋಗೂದಿದ್ರ ಅಷ್ಟ ಪಿನ್. ಯಾರಾದರೂ "ನಿಮಗೆ ದುಡ್ಡು ಹಾಕ್ತೀವಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರೆ ಅವನು ಕಳ್ಳ. ಮುಂದಿನ ಮಾತೇ ಬೇಡ.

ಪ್ರಶ್ನೆ: ಅಮ್ಮ ಮೈಸೂರಿನಲ್ಲಿ, ನಾನು ನ್ಯೂಜೆರ್ಸಿಯಲ್ಲಿ. ದಿನಕ್ಕೆ ನಲವತ್ತು ಫಾರ್ವರ್ಡ್. ಗುಲಾಬಿ ಹೂವಿನ ಶುಭೋದಯ, ನಿಂಬೆಹಣ್ಣಿಗೆ ಕ್ಯಾನ್ಸರ್ ಹೋಗುತ್ತದೆ ಅನ್ನುವುದು, ಯಾವುದೋ ಹಳೇ ಪ್ರವಾಹದ ವಿಡಿಯೋ ಇವತ್ತಿನದೆಂದು. ಮ್ಯೂಟ್ ಮಾಡಿದ್ದೇನೆ, ಪಾಪಪ್ರಜ್ಞೆ ಕಾಡುತ್ತಿದೆ.
— ಓದುಗಿ, ನ್ಯೂಜೆರ್ಸಿ

ಉತ್ತರ: ಮೈಸೂರಿನ ಬೆಳಿಗ್ಗೆ ಆರು ಗಂಟೆ ಅಂದರೆ ನಿಮಗೆ ಹಿಂದಿನ ದಿನದ ರಾತ್ರಿ ಊಟದ ಹೊತ್ತು. ಆ ಗುಲಾಬಿ ಹೂವು "ಎದ್ದೆ, ಕಾಫಿ ಆಯ್ತು, ಬದುಕಿದ್ದೇನೆ" ಅನ್ನುವ ಹಾಜರಿ. ಅದು ಒಂದು ದಿನ ಬರದಿದ್ದರೆ ಮೊದಲು ಗಾಬರಿ ಆಗುವವರು ನೀವೇ.

ನನ್ನ ಅನುಮಾನ ಬೇರೆ. ಅಮ್ಮನಿಗೆ ಫೋನಿನಲ್ಲಿ ಕನ್ನಡ ಬರೆಯಲು ಬರುತ್ತದಾ? ಬರದಿದ್ದರೆ, ಅವರ ಕೈಗೆ ಸಿಕ್ಕಿರುವ ಒಂದೇ ಮಾತು ಫಾರ್ವರ್ಡ್. ಹೇಳಬೇಕೆಂದಿರುವುದು "ನೀನು ಹೇಗಿದ್ದೀಯೇ". ಅದಕ್ಕೆ ಬಟನ್ ಸಿಗಲಿಲ್ಲ, ಗುಲಾಬಿ ಸಿಕ್ಕಿತು. ದನಿಯಲ್ಲಿ ಹೇಳುವುದನ್ನು ಕಲಿಸಿ. ಮೈಕಿನ ಗುರುತನ್ನು ಒತ್ತಿಹಿಡಿದು ಮಾತಾಡುವುದು ನಡುಗುವ ಕೈಗೆ ಕಷ್ಟ. ಒತ್ತಿದ ಬೆರಳನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಆಮೇಲೆ ಕೈಬಿಟ್ಟು ಆರಾಮಾಗಿ ಮಾತಾಡಬಹುದು. ಬರೆದೇ ಕಳಿಸುವ ಆಸೆ ಇದ್ದರೆ ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಸೇರಿಸಿ ಅದರ ಮೈಕ್ ಒತ್ತಿದರೆ ಹೇಳಿದ್ದನ್ನು ಅದೇ ಬರೆದುಕೊಳ್ಳುತ್ತದೆ. ಮೈಸೂರಿನ ಕನ್ನಡ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಡೆಯ ಹವಿಗನ್ನಡ ಹೇಳಿದರೆ ಏನೇನೋ ಬರೆಯುತ್ತದೆ, ಅದೊಂದು ಬೇರೆ ಮನರಂಜನೆ.

ಬೀಗದ ಬಗ್ಗೆ ಒಂದು ಎಚ್ಚರಿಕೆ, ಅನುಭವದ್ದು. ಕಲಿತ ಹೊಸತರಲ್ಲಿ ಬೀಗ ಹಾಕಿ ಮಾತಾಡಿ, ಅದು ಇನ್ನೂ ಕೇಳಿಸಿಕೊಳ್ಳುತ್ತಿದೆ ಅನ್ನುವುದನ್ನು ಮರೆತು, ಒಳಗಿದ್ದ ನಮ್ಮವರಿಗೆ "ನಿಮ್ಮ ತಂಗಿ ಮಾಡಿದ ಹೋಳಿಗೆ ಚಪ್ಪಲಿ ಅಟ್ಟೆ ಹಾಗಿತ್ತು" ಅಂದೆ. ಆಮೇಲೆ ನೆನಪಾಗಿ ಬಾಣ ಒತ್ತಿದೆ. ಹೋಗಿದ್ದು ಕುಟುಂಬದ ಗ್ರೂಪಿಗೆ. ಗಾಬರಿಯಲ್ಲಿ ಅಳಿಸಲು ಹೋಗಿ 'ಡಿಲೀಟ್ ಫಾರ್ ಮಿ' ಒತ್ತಿಬಿಟ್ಟೆ. ನನ್ನ ಫೋನಿನಿಂದ ಮಾತ್ರ ಹೋಯಿತು, ಉಳಿದ 31 ಜನರ ಫೋನಿನಲ್ಲಿ ಹೋಳಿಗೆ ಹಾಗೇ ಇತ್ತು. ಒತ್ತಬೇಕಾಗಿದ್ದು 'ಡಿಲೀಟ್ ಫಾರ್ ಎವ್ರಿವನ್'. ನಾದಿನಿ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಹೋಳಿಗೆ ಮಾತ್ರ ಅಂಗಡಿಯಿಂದ ತರಿಸುತ್ತಾಳೆ.

ಸುಳ್ಳು ಸುದ್ದಿಗೆ: ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ವಾಟ್ಸಾಪ್ ಬಿಡುತ್ತದೆ. ಅಮ್ಮನಿಗೆ "ಎರಡು ಬಾಣ ಇದ್ದರೆ ನನ್ನನ್ನು ಕೇಳಿ ಕಳಿಸು" ಅನ್ನಿ. ಕೇಳಿದಾಗ ನಗಬೇಡಿ. ಕೇಳಿದ ಪ್ರತಿ ಸಲ ಉತ್ತರ ಕೊಡಿ. ಮ್ಯೂಟ್ ತೆಗೆಯಿರಿ.

ಪ್ರಶ್ನೆ: ತಂದೆಗೆ 82, ರೈಲ್ವೆ ಪಿಂಚಣಿದಾರರು, ಅರಸೀಕೆರೆ. ಪ್ರತಿ ನವೆಂಬರಿನಲ್ಲಿ ಜೀವಂತ ಇದ್ದಾರೆಂದು ತೋರಿಸಲು ಬ್ಯಾಂಕಿಗೆ ಕರೆದೊಯ್ಯಬೇಕು. ಬೆರಳಚ್ಚು ಯಂತ್ರದಲ್ಲಿ ಹಿಡಿಯುವುದೇ ಇಲ್ಲ. ಮನೆಯಲ್ಲೇ ಆಗುವುದಿಲ್ಲವೇ?
— ಓದುಗ, ಹಾಸನ

ಉತ್ತರ: ಆಗುತ್ತದೆ. ಬೆರಳು ಸವೆದಿದ್ದರೆ ಮುಖ ಸಾಕು. ಜೀವನ್ ಪ್ರಮಾಣ್ (ಪಿಂಚಣಿದಾರರು ಬದುಕಿದ್ದಾರೆ ಅನ್ನುವ ಡಿಜಿಟಲ್ ಪ್ರಮಾಣಪತ್ರ) ಶುರುವಾದದ್ದು 2014ರಲ್ಲಿ, ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂದದ್ದು 2021ರಲ್ಲಿ. ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಫೇಸ್. ಮೊದಲು ಆಪರೇಟರ್ ಎಂದು ನಿಮ್ಮ ಮುಖ ತೋರಿಸಿ ದಾಖಲಾಗಿ, ಆಮೇಲೆ ತಂದೆಯವರ ಆಧಾರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಬ್ಯಾಂಕ್ ಖಾತೆ ತುಂಬಿ, ಅವರ ಮುಖ ತೋರಿಸಿ. ಕಿಟಕಿ ಅವರ ಬೆನ್ನಿಗಲ್ಲ, ಎದುರಿಗೆ ಇರಲಿ. ಕನ್ನಡಕ ತೆಗೆದು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು. ನಮ್ಮ ಜಗಲಿಯಲ್ಲಿ ಒಬ್ಬರು ಫೋಟೋ ಅಂದುಕೊಂಡು ಉಸಿರು ಬಿಗಿಹಿಡಿದು ಕಣ್ಣು ಬಿಟ್ಟುಕೊಂಡೇ ಕೂತರು, ನಾಲ್ಕು ಸಲ ಫೇಲಾಯಿತು. ಬದುಕಿದ್ದೀರೋ ಅಂತ ಅದು ನೋಡುತ್ತಿರುವುದೇ ಆ ಮಿಟುಕಿನಲ್ಲಿ.

80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ, ನವೆಂಬರಿನ ನೂಕುನುಗ್ಗಲಿಗೆ ಕಾಯಬೇಡಿ. ಇದಾವುದೂ ಬೇಡ ಅಂದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ. ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದ ಮನೆಗೇ ಬಂದು ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. ಎಲ್ಲವನ್ನೂ ನಾವೇ ಫೋನಿನಲ್ಲಿ ಮಾಡಲೇಬೇಕು ಅನ್ನುವ ಹಟ ನನಗಿಲ್ಲ.

ಪ್ರಶ್ನೆ: ಇದನ್ನು ಯಾರಿಗೂ ಹೇಳಿಲ್ಲ. ನನಗೆ 71. ವಿಡಿಯೋ ಕಾಲಿನಲ್ಲಿ ಪೊಲೀಸ್ ಬಟ್ಟೆಯವನೊಬ್ಬ ಬಂದು ನನ್ನ ಆಧಾರಿನಲ್ಲಿ ಡ್ರಗ್ಸ್ ಪಾರ್ಸೆಲ್ ಹೋಗಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಫೋನು ಇಡಬಾರದು, ಮಕ್ಕಳಿಗೆ ಹೇಳಬಾರದು ಅಂದ. ಒಂದೂವರೆ ಗಂಟೆ ಕೂತಿದ್ದೆ. ಒಲೆಯ ಮೇಲಿನ ಕುಕ್ಕರ್ ಸೀಟಿ ಹೊಡೆಯುತ್ತಲೇ ಇತ್ತು, ಸೀದ ವಾಸನೆ ಬಂತು, ಆಫ್ ಮಾಡಲು ಎದ್ದೆ. ಅವನು "ಏಳಬೇಡ" ಅಂತ ಕಿರುಚಿದ. ಅಷ್ಟರಲ್ಲಿ ಕರೆಂಟು ಹೋಗಿ ವೈಫೈ ನಿಂತಿತು. ದುಡ್ಡು ಹೋಗಲಿಲ್ಲ. ಆದರೆ ಆಮೇಲೆ ಫೋನು ರಿಂಗಾದರೆ ಮೈ ನಡುಗುತ್ತದೆ. ಮಗನಿಗೆ ಹೇಳಿದರೆ ಫೋನು ಕಿತ್ತುಕೊಳ್ಳುತ್ತಾನೆ.
— ಓದುಗಿ, ತೀರ್ಥಹಳ್ಳಿ

ಉತ್ತರ: ಅಕ್ಕಾ, ಕಾಗದ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮ ಕಾಲದ ಟ್ರಂಕ್ ಕಾಲಿನಲ್ಲಿ ಮೂರು ಬಗೆ ಇತ್ತು, ನಿಮಗೂ ನೆನಪಿರಬೇಕು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಲೈಟ್ನಿಂಗ್ ಕಾಲ್ ಬಂತು ಅಂದರೆ ಊರಿನ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಯಾರೂ ಸುಮ್ಮನೆ ಮಾತಾಡುತ್ತಿರಲಿಲ್ಲ. ಸಾವು, ಆಸ್ಪತ್ರೆ, ಅಷ್ಟೆ. ಪಕ್ಕದ ಮನೆಯ ನಂಬರಿಗೆ ಬಂದ ಕಾಲಿಗೆ ಬರಿಗಾಲಲ್ಲಿ ಓಡಿಬಂದವರ ಏದುಸಿರನ್ನು ನಾನು ಹೆಡ್‌ಸೆಟ್ಟಿನಲ್ಲಿ ಕೇಳಿದ್ದೇನೆ. ನಮ್ಮ ವಯಸ್ಸಿನವರಿಗೆ ಫೋನು ಅಂದರೆ ಒಳಗೆಲ್ಲೋ ಇನ್ನೂ ಅದೇ. ಎತ್ತಲೇಬೇಕು, ಪೂರ್ತಿ ಕೇಳಲೇಬೇಕು, ಅತ್ತಲಿನವರು ಇಡುವವರೆಗೆ ಇಡಬಾರದು. ಈ ಕಳ್ಳರು ಹಿಡಿದಿರುವುದು ಆ ಅಭ್ಯಾಸವನ್ನು. ಪ್ರತಿ ಕಾಲನ್ನೂ ಲೈಟ್ನಿಂಗ್ ಕಾಲ್ ಮಾಡುತ್ತಾರೆ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೋ ಮಾತಿನಲ್ಲಿ ಇದನ್ನು ಹೇಳಬೇಕಾಯಿತು ಅಂದರೆ ಎಷ್ಟು ಜನ ಬಿದ್ದಿರಬೇಕು ನೋಡಿ. ಬಿದ್ದವರಲ್ಲಿ ಡಾಕ್ಟರು, ನಿವೃತ್ತ ಅಧಿಕಾರಿಗಳೂ ಇದ್ದಾರೆ. ನೀವು ಬೀಳಲಿಲ್ಲ, ಅನ್ನ ಸೀಯುವುದಕ್ಕೆ ಎದ್ದಿರಿ. ಅವನು "ಏಳಬೇಡ" ಅಂದರೂ ಎದ್ದಿರಿ, ಇದನ್ನು ಮರೆಯಬೇಡಿ.

ಈಗ ಮಾಡಬೇಕಾದದ್ದು. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ನಿಮ್ಮದು ಹೋಗಿಲ್ಲ, ಆದರೂ ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ 'ಚಕ್ಷು'ವಿನಲ್ಲಿ ದಾಖಲಿಸಬಹುದು. ಬರದಿದ್ದರೆ ಯಾರಾದರೂ ಕಾಲೇಜು ಹುಡುಗಿಯ ಸಹಾಯ ತೆಗೆದುಕೊಳ್ಳಿ. ವಾಟ್ಸಾಪ್ ಸೆಟ್ಟಿಂಗ್ಸಿನ ಪ್ರೈವಸಿಯಲ್ಲಿ ಕಾಲ್ಸ್ ಅಂತ ಇದೆ, ಅಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಹಾಕಿಕೊಂಡರೆ ಗುರುತಿಲ್ಲದವರ ಕಾಲು ರಿಂಗೇ ಆಗುವುದಿಲ್ಲ. ಬಂದಿತ್ತು ಅಂತ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಮೈ ನಡುಗುವುದು ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಇನ್ನು ಮಗನ ವಿಷಯ. ಈ ಪುಟವನ್ನು ಅವನಿಗೆ ತೋರಿಸಿ. ತಮ್ಮಾ, ಓದುತ್ತಿದ್ದರೆ ಕೇಳು. "ಮಕ್ಕಳಿಗೆ ಹೇಳಬಾರದು" ಅನ್ನುವ ಮಾತನ್ನು ಆ ಕಳ್ಳ ಹೇಳುವ ಮೊದಲೇ ನಿನ್ನ ಅಮ್ಮ ಒಪ್ಪಿಕೊಂಡಾಗಿತ್ತು. ಯಾಕೆಂದರೆ ಹೇಳಿದರೆ ನೀನು ಬಯ್ಯುತ್ತೀಯ ಅಂತ ಅವರಿಗೆ ಗೊತ್ತಿತ್ತು. ಅವನ ಕೆಲಸದ ಮುಕ್ಕಾಲು ಪಾಲು ನೀನೇ ಮಾಡಿಕೊಟ್ಟಿದ್ದೆ. ಫೋನು ಕಿತ್ತುಕೊಂಡರೆ ಮುಂದಿನ ಸಲ ಲ್ಯಾಂಡ್‌ಲೈನಿಗೆ ಬರುತ್ತಾನೆ, ಆಗಲೂ ನಿನಗೆ ಗೊತ್ತಾಗುವುದಿಲ್ಲ. ಈ ವಾರ ಊರಿಗೆ ಹೋಗು. ಕುಕ್ಕರಿನ ಕತೆ ಕೇಳು. ಅಮ್ಮನ ಜೊತೆ ಸೇರಿ ನಿಮ್ಮಿಬ್ಬರಿಗೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊ, ಹಳೇ ದನದ ಹೆಸರೋ ಏನೋ. ನಿನ್ನದೇ ದನಿ, ನಿನ್ನದೇ ಮುಖ ತೋರಿಸಿ ದುಡ್ಡು ಕೇಳುವ ನಕಲಿ ವಿಡಿಯೋಗಳ ಕಾಲ ಇದು. ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮುಖವನ್ನೇ ಕಳ್ಳರು ನಕಲು ಮಾಡಿದ್ದರಿಂದ, 2023ರಲ್ಲಿ ಅವರೇ ಅದು ತಾನಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ದನದ ಹೆಸರು ಕೇಳಿದರೆ ನಕಲಿ ಮಗ ತಬ್ಬಿಬ್ಬಾಗುತ್ತಾನೆ.

ಪ್ರಶ್ನೆ: ಮಕ್ಕಳು ಕಲಿಸುವುದರ ಬಗ್ಗೆಯೇ ಎಲ್ಲ ಬರೆಯುತ್ತೀರಿ. ನನ್ನ ಪ್ರಶ್ನೆ ತಿರುಗುಮುರುಗು. ನನಗೆ 74, ಫೋನು ಚೆನ್ನಾಗಿಯೇ ಬರುತ್ತದೆ. ಯೂಟ್ಯೂಬಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ತಾಳಮದ್ದಳೆ (ಯಕ್ಷಗಾನದ ಮಾತಿನ ಕೂಟ) ಹಾಕಿಕೊಂಡು ಕೂತಿರುವಾಗ ಮಗ ಸಂದೇಶ ಕಳಿಸುತ್ತಾನೆ. ನೀಲಿ ಗೆರೆ ಬಿದ್ದ ಮರುಕ್ಷಣ "ನೋಡಿದ್ದಿ ಅಲ್ವಾ, ಉತ್ತರ ಯಾಕೆ ಇಲ್ಲ" ಅಂತ ಫೋನು. ಅರ್ಥ (ಶೇಣಿಯವರ ಮಾತುಗಾರಿಕೆ) ಅರ್ಧಕ್ಕೇ ತುಂಡಾಗುತ್ತದೆ. ಏನು ಮಾಡಲಿ?
— ಓದುಗಿ, ಉಡುಪಿ

ಉತ್ತರ: ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ, ಅದರೊಳಗೆ 'ರೀಡ್ ರಿಸೀಟ್ಸ್'. ಆಫ್ ಮಾಡಿ. ನೀಲಿ ಗೆರೆ ನಿಂತುಹೋಗುತ್ತದೆ. ಅವನು ನಿಮ್ಮದನ್ನು ಓದಿದನೋ ಇಲ್ಲವೋ ಅನ್ನುವುದು ನಿಮಗೂ ಕಾಣುವುದಿಲ್ಲ, ಅಷ್ಟು ನಷ್ಟ ಇದೆ. ಗ್ರೂಪಿನಲ್ಲಿ ಮಾತ್ರ ಇದು ನಡೆಯದು, ಅಲ್ಲಿ ನೀಲಿ ಬಿದ್ದೇ ಬೀಳುತ್ತದೆ. ಗ್ರೂಪಿನದಕ್ಕೆ ಕೇಳಿದರೆ ಕನ್ನಡಕ ಸಿಗಲಿಲ್ಲ ಅನ್ನಿ.